ಜಲಚಕ್ರದ ಚಿತ್ರದಲ್ಲಿ ನಮ್ಮ ಬೋರ್‌ವೆಲ್ ಎಲ್ಲಿದೆ?

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಮುಂಗಾರು ಶುರುವಾದೊಡನೆ ನಿಮ್ಮ ಪತ್ರಿಕೆಯಲ್ಲಿ ಜಲಾಶಯಗಳ ನೀರಿನ ಮಟ್ಟದ ಚಿಕ್ಕ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಓದಿಕೊಂಡು ಮಂಡ್ಯದ ರೈತರೂ ಬೆಂಗಳೂರಿನ ನಿವಾಸಿಗಳೂ ತಮ್ಮ ವರ್ಷ ಹೇಗಿರಬಹುದೆಂದು ಅಂದಾಜು ಮಾಡಿಕೊಳ್ಳುತ್ತಾರೆ. ನಾನು ಕೋಲಾರ ಜಿಲ್ಲೆಯವನು. ವರ್ಷವಿಡೀ ಹರಿಯುವ ಒಂದು ನದಿಯೂ ನಮ್ಮಲ್ಲಿಲ್ಲವಾದ್ದರಿಂದ ಆ ಪಟ್ಟಿಯಲ್ಲಿ ನಮಗೆಂದು ಒಂದು ಸಾಲೂ ಇರುವುದಿಲ್ಲ. ನಾವು ಕುಡಿಯುವ ಮತ್ತು ಬೆಳೆಗೆ ಬಿಡುವ ನೀರಿನ ಬಹುಪಾಲು ಬಂಡೆಯೊಳಗಿದೆ. ಅದು ಹೋದ ತಿಂಗಳಿಗಿಂತ ಏರಿತೋ ಇಳಿಯಿತೋ ಎಂಬ ಸಂಗತಿ ಪತ್ರಿಕೆಯಲ್ಲಿ ಅಚ್ಚಾದದ್ದಾಗಲೀ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆದದ್ದಾಗಲೀ ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಪತ್ರ ಅದರ ಬಗ್ಗೆ. ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಬೇಕು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು ನಾನು. ಜಲಚಕ್ರದ ಪಾಠ ಬಂದಾಗ ಕಪ್ಪು ಹಲಗೆಯ ಬಲಗಡೆ ಸಮುದ್ರ, ಮೇಲೆ ಮೋಡ, ಎಡಗಡೆ ಬೆಟ್ಟ, ಬೆಟ್ಟದಿಂದಿಳಿದು ಸಮುದ್ರ ಸೇರುವ ನದಿ, ಎಲ್ಲದರ ಅಡಿಯಲ್ಲಿ ಅಂತರ್ಜಲವೆಂದು ನೀಲಿ ಸೀಮೆಸುಣ್ಣದ ಒಂದು ದಪ್ಪ ಪಟ್ಟಿ, ಇಷ್ಟನ್ನು ಬರೆದು ಬಾಣದ ಗುರುತು ಹಾಕಿ ಮುಗಿಸುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಇದರಲ್ಲಿ ನಮ್ಮ ಬೋರು ಎಲ್ಲಿ ಬರುತ್ತೆ ಸಾರ್?’ ಎಂದು ಕೇಳಿದ. ನಾನು ನೆಲದಿಂದ ನೀಲಿ ಪಟ್ಟಿಯವರೆಗೆ ಒಂದು ಗೆರೆ ಎಳೆದು, ‘ಇಲ್ಲಿ’ ಎಂದೆ. ಅವನು ಮತ್ತೇನೂ ಕೇಳದೆ ಕುಳಿತುಕೊಂಡ. ಆ ಬೇಸಿಗೆಯಲ್ಲಿ ಅವನ ಮನೆಯವರು ಸಾಲ ಮಾಡಿ ಮೂರು ಬೋರು ಕೊರೆಸಿದ್ದರು, ಮೂರರಲ್ಲೂ ಧೂಳು ಬಿಟ್ಟು ಬೇರೇನೂ ಮೇಲೆ ಬಂದಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಹಲಗೆಯ ಮೇಲೆ ನಾನು ಎಳೆದ ಗೆರೆ ನೀರಿಗೆ ತಾಗಿತ್ತು. ಅವರ ಹೊಲದಲ್ಲಿ ತಾಗಿರಲಿಲ್ಲ.

ಆ ನೀಲಿ ಪಟ್ಟಿ ಗಂಗಾ ಬಯಲಿನ ಊರುಗಳಿಗೆ ಒಪ್ಪುವ ಚಿತ್ರ. ಅಲ್ಲಿ ಹಿಮಾಲಯದ ನದಿಗಳು ತಂದು ಸುರಿದ ಮರಳು ಮತ್ತು ಮೆಕ್ಕಲು ನೂರಾರು ಮೀಟರ್ ಆಳದವರೆಗೆ ಹರಡಿಕೊಂಡಿದ್ದು, ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡಿರುತ್ತದೆ. ನಮ್ಮ ಕಾಲಡಿಯಲ್ಲಿರುವುದು ಮುನ್ನೂರು ಕೋಟಿ ವರ್ಷದಷ್ಟು ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರು ಅದೇ ಕುಲದ ಕಲ್ಲನ್ನು ಮೆಟ್ಟಿದ್ದಾರೆ. ಗಟ್ಟಿ ಬಂಡೆಯ ಮೈಯಲ್ಲಿ ನೀರು ಕೂರಲು ಎಡೆಯಿಲ್ಲ. ನೀರಿಗೆ ಜಾಗ ಸಿಗುವುದು ಎರಡೇ ಕಡೆ. ಒಂದು, ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಶಿಥಿಲಗೊಂಡು ಗರಸಿನಂತಾಗಿರುವ ಮೇಲಿನ ಪದರ. ಅದು ಒಂದು ಊರಿನಲ್ಲಿ ಮೂವತ್ತು ಅಡಿ ಇದ್ದರೆ ಪಕ್ಕದ ಊರಿನಲ್ಲಿ ನೂರು ಅಡಿ ಇದ್ದೀತು. ಇನ್ನೊಂದು, ಅದರ ಕೆಳಗಿನ ಬಂಡೆಯಲ್ಲಿರುವ ಬಿರುಕುಗಳು. ಇವು ಆಳಕ್ಕೆ ಹೋದಂತೆಲ್ಲ ವಿರಳವಾಗುತ್ತವೆ, ಮೇಲಿನ ಕಲ್ಲಿನ ಭಾರಕ್ಕೆ ಬಿಗಿದುಕೊಳ್ಳುತ್ತವೆ. ಒಂದು ಬೋರ್‌ವೆಲ್ ಬಿರುಕಿಗೆ ಸಿಕ್ಕಿ ಎರಡು ಇಂಚು ನೀರು ಕೊಡುವುದೂ, ಅಲ್ಲಿಂದ ನೂರು ಅಡಿ ದೂರದ ಇನ್ನೊಂದು ಒಣಗಿ ನಿಲ್ಲುವುದೂ ಈ ಕಾರಣಕ್ಕೆ. ನೀರಿರುವ ಜಾಗ ಇದೆಂದು ಪಾಯಿಂಟ್ ಹಾಕಿಕೊಟ್ಟವರ ಕೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತೋ ಇಲ್ಲವೋ ಎಂಬುದು ಆ ಬಂಡೆಗೆ ತಿಳಿಯದು.

ನನ್ನ ಬಾಲ್ಯದಲ್ಲಿ ನಮ್ಮೂರಿನ ಬಾವಿಗಳಲ್ಲಿ ಮೂವತ್ತು ನಲವತ್ತು ಅಡಿಗೆ ನೀರಿತ್ತು. ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ದಣಿದರೆ ನೀರೆತ್ತುವುದೂ ನಿಲ್ಲುತ್ತಿದ್ದುದರಿಂದ ಬಾವಿಗೆ ರಾತ್ರಿಯೆಲ್ಲ ಊಟೆ ತುಂಬಿಕೊಳ್ಳಲು ಬಿಡುವಿರುತ್ತಿತ್ತು. ಆಮೇಲೆ ಪಂಪ್‌ಸೆಟ್ ಬಂತು, ಬಾವಿಯ ತಳದಲ್ಲೇ ಬೋರು ಹಾಕಿದರು, ಅದೂ ಸಾಲದಾದಾಗ ಬಾವಿಯನ್ನು ಬಿಟ್ಟು ಬೋರು ಕೊರೆಯುವ ಲಾರಿ ತರಿಸಿದರು. 1966–67ರ ಬರಗಾಲದ ಹೊತ್ತಿಗೆ ಬಂಡೆ ಕೊರೆಯುವ ಯಂತ್ರಗಳನ್ನು ಯುನಿಸೆಫ್ ಭಾರತಕ್ಕೆ ತರಿಸಿಕೊಟ್ಟದ್ದು ಕುಡಿಯುವ ನೀರಿಗಾಗಿ. ಅದೇ ತಂತ್ರ ಹೊಲಕ್ಕೆ ಇಳಿದು, ಸಬ್‌ಮರ್ಸಿಬಲ್ ಪಂಪು ಜೊತೆಯಾಗಿ, 2008ರಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ತು ಉಚಿತವೂ ಆಯಿತು. ಇನ್ನೂರು ಅಡಿಯ ಬೋರು ನಾನೂರಾಯಿತು, ಈಗ ಸಾವಿರದ ಇನ್ನೂರು ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂಬ ನಂಬಿಕೆ ಮಾತ್ರ ಹಾಗೇ ಉಳಿದಿದೆ. ನೀರನ್ನು ನಿಜವಾಗಿ ಹಿಡಿದಿಟ್ಟುಕೊಳ್ಳುತ್ತಿದ್ದ ಗರಸಿನ ಪದರ ನಮ್ಮ ಎಷ್ಟೋ ಊರುಗಳಲ್ಲಿ ಒಣಗಿಹೋಗಿದೆ. ಕಣಜ ಬರಿದಾದ ಮೇಲೆ ಇಲಿಯ ಬಿಲ ಅಗೆದು ಕಾಳು ಹುಡುಕುವ ಸ್ಥಿತಿ ನಮ್ಮದು. ಬಿಲದಲ್ಲಿ ಕಾಳು ಸಿಗುವುದುಂಟು. ಅದನ್ನು ನಂಬಿ ಸಂಸಾರ ನಡೆಸಲಾಗದು. ಆಳದ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಮತ್ತು ಕೀಲುಗಳಲ್ಲಿ ಅದರ ಗುರುತು ಕಾಣುತ್ತದೆ. ಪಾಠ ಮಾಡುವಾಗ ಎದುರು ಕುಳಿತ ಮಕ್ಕಳ ಹಲ್ಲಿನ ಮೇಲೆ ಆ ಕಂದು ಗೆರೆಗಳನ್ನು ನಾನು ವರ್ಷವೂ ನೋಡಿದ್ದೇನೆ.

ಹಲಗೆಯ ಮೇಲಿನ ಚಿತ್ರ ಹೇಳದ ಮತ್ತೊಂದು ಸಂಗತಿ ಕಾಲ. ಭೂಮಿಯ ನೀರನ್ನೆಲ್ಲ ನೂರು ಲೀಟರಿನ ಹಂಡೆಗೆ ಇಳಿಸಿದೆವೆಂದು ಭಾವಿಸಿದರೆ, ಅದರಲ್ಲಿ 97 ಲೀಟರಿಗೂ ಹೆಚ್ಚು ಉಪ್ಪು ನೀರು. ಉಳಿದ ಎರಡೂವರೆ ಲೀಟರ್ ಸಿಹಿನೀರಿನಲ್ಲಿ ಒಂದೂಮುಕ್ಕಾಲು ಲೀಟರಿನಷ್ಟು ಹಿಮ, ಮುಕ್ಕಾಲು ಲೀಟರಿನಷ್ಟು ಅಂತರ್ಜಲ. ಜಗತ್ತಿನ ನದಿಗಳೂ ಸಿಹಿನೀರಿನ ಸರೋವರಗಳೂ ಸೇರಿ ಒಂದೂವರೆ ಟೀ ಚಮಚ. ಗಾಳಿಯಲ್ಲಿರುವ ಆವಿಯನ್ನೂ ಮೋಡಗಳನ್ನೂ ಹಿಂಡಿದರೆ ಇಪ್ಪತ್ತು ಹನಿ. ಈ ಪ್ರಮಾಣಗಳನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ, ಮಾಡಲಿ. ಆದರೆ ಆ ಇಪ್ಪತ್ತು ಹನಿ ಸುಮಾರು ಒಂಬತ್ತು ದಿನಕ್ಕೊಮ್ಮೆ ಮಳೆಯಾಗಿ ಸುರಿದು ಮತ್ತೆ ತುಂಬಿಕೊಳ್ಳುತ್ತದೆ, ಅಂದರೆ ವರ್ಷಕ್ಕೆ ನಲವತ್ತು ಸಲ. ಸಮುದ್ರದ ನೀರಿನ ಕಣವೊಂದು ಮತ್ತೆ ಆವಿಯಾಗಿ ಮೇಲೇಳಲು ಸರಾಸರಿ ಮೂರು ಸಾವಿರ ವರ್ಷ ಬೇಕು. ಅಂಟಾರ್ಕ್ಟಿಕಾದಲ್ಲಿ ಎಂಟು ಲಕ್ಷ ವರ್ಷ ಹಳೆಯ ಹಿಮವನ್ನು ವಿಜ್ಞಾನಿಗಳು ಕೊರೆದು ತೆಗೆದಿದ್ದಾರೆ. ಅಂತರ್ಜಲಕ್ಕೆ ಇಂಥದೊಂದು ಸರಾಸರಿ ಹೇಳುವುದೇ ಕಷ್ಟ. ಬಾವಿಯ ನೀರು ಹೋದ ತಿಂಗಳ ಮಳೆಯದಾಗಿರಬಹುದು, ಆಳದ ಬಿರುಕಿನ ನೀರು ನಮ್ಮ ತಾತ ಮುತ್ತಾತಂದಿರಿಗಿಂತ ಎಷ್ಟೋ ಹಿಂದೆ ಸುರಿದದ್ದಾಗಿರಬಹುದು. ಚಕ್ರ ಎಂದ ಕೂಡಲೇ ಎಲ್ಲವೂ ಒಂದೇ ವೇಗದಲ್ಲಿ ತಿರುಗಿ ನಮ್ಮ ಬಳಿಗೆ ಬರುತ್ತದೆಂಬ ಭಾವನೆ ಹುಟ್ಟುತ್ತದೆ. ಮೋಡದ ಲೆಕ್ಕದಲ್ಲಿ ಮರಳಿ ಬರುವ ನೀರು ಬೇರೆ, ಬಂಡೆಯ ಲೆಕ್ಕದಲ್ಲಿ ಮರಳಿ ಬರುವ ನೀರು ಬೇರೆ.

ಈ ಲೆಕ್ಕ ಹಾಕುವುದನ್ನು ಮನುಷ್ಯ ಕಲಿತದ್ದು ತೀರ ಹಿಂದೆಯೇನಲ್ಲ. ನದಿಗಳು ವರ್ಷವಿಡೀ ಹರಿಯುವಷ್ಟು ಮಳೆ ಬೀಳುವುದಿಲ್ಲ, ಸಮುದ್ರದ ನೀರೇ ನೆಲದೊಳಗಿಂದ ಬಂದು ಊಟೆಗಳಾಗಿ ಚಿಮ್ಮುತ್ತದೆ ಎಂದು ಯುರೋಪಿನ ಪಂಡಿತರು ಬಹುಕಾಲ ನಂಬಿದ್ದರು. ಫ್ರಾನ್ಸಿನ ಪಿಯರ್ ಪೆರೋ ಎಂಬಾತ ಸೀನ್ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನು ಅಳೆದು, ನದಿಯಲ್ಲಿ ಹರಿದ ನೀರಿನ ಪಕ್ಕದಲ್ಲಿಟ್ಟು, ಮಳೆಯೇ ಆರು ಪಟ್ಟು ಹೆಚ್ಚಿದೆಯೆಂದು 1674ರಲ್ಲಿ ಪ್ರಕಟಿಸಿದ. ನೂರಾರು ವರ್ಷದ ವಾದವೊಂದು ಮಳೆ ಅಳೆದು ಮಾಡಿದ ಲೆಕ್ಕದ ಮುಂದೆ ಸಡಿಲವಾಯಿತು.

ಅದೇ ಬಗೆಯ ಲೆಕ್ಕವನ್ನು ನಮ್ಮ ಜಿಲ್ಲೆಗೆ ಹಾಕಿ ನೋಡೋಣ. ವರ್ಷಕ್ಕೆ ಸರಾಸರಿ ಸುಮಾರು 750 ಮಿಲಿಮೀಟರ್ ಮಳೆ ನಮ್ಮದು. ಅಂದರೆ ಒಂದು ಎಕರೆ ಜಮೀನಿನ ಮೇಲೆ ವರ್ಷದಲ್ಲಿ ಸುರಿಯುವ ನೀರು 30 ಲಕ್ಷ ಲೀಟರ್. ಕೇಳಲು ದೊಡ್ಡ ಮೊತ್ತ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿನಿಂದಲೂ ಗಿಡಮರಗಳಿಂದಲೂ ಮರಳಿ ಗಾಳಿಗೆ ಹೋಗುತ್ತದೆ, ಸ್ವಲ್ಪ ಹಳ್ಳಕ್ಕೆ ಹರಿಯುತ್ತದೆ. ಬಂಡೆ ನೆಲದಲ್ಲಿ ಅಂತರ್ಜಲಕ್ಕೆ ಇಳಿಯುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಎಕರೆಗೆ ಮೂರು ಲಕ್ಷ ಲೀಟರ್. ಬೇಸಿಗೆಯ ಒಂದು ಎಕರೆ ಟೊಮೆಟೊಗೆ 500 ಮಿಲಿಮೀಟರಿನಷ್ಟು, ಎಂದರೆ 20 ಲಕ್ಷ ಲೀಟರ್ ನೀರು ಬೇಕು. ಆರೇಳು ಎಕರೆಯ ನೆಲ ವರ್ಷಪೂರ್ತಿ ಇಂಗಿಸಿಕೊಂಡ ನೀರನ್ನು ಒಂದೆಕರೆಯ ಒಂದು ಬೆಳೆ ಕುಡಿದು ಮುಗಿಸುತ್ತದೆ. ಅದೇ ಎಕರೆಗೆ ಬೋರ್‌ವೆಲ್ ನಂಬಿ ಭತ್ತ ಹಾಕಿದರೆ ಇದರ ಎರಡು ಪಟ್ಟಿಗೂ ಹೆಚ್ಚು. ಡ್ರಿಪ್ ಅಳವಡಿಸಿಕೊಂಡ ರೈತರು ನೀರನ್ನು ಪೋಲು ಮಾಡುತ್ತಿಲ್ಲ, ಅವರನ್ನು ದೂರುವುದು ನನ್ನ ಉದ್ದೇಶವೂ ಅಲ್ಲ. ಆದರೆ ಡ್ರಿಪ್‌ನಿಂದ ಉಳಿದ ನೀರಿನಲ್ಲಿ ಮತ್ತೊಂದು ಎಕರೆಗೆ ಪೈಪು ಎಳೆದರೆ ಉಳಿತಾಯ ಎಲ್ಲಿ ಉಳಿಯಿತು? ಕೋಲಾರದ ಮಂಡಿಯಿಂದ ದೇಶದ ಮೂಲೆಮೂಲೆಗೆ ಹೋಗುವ ಹದಿನೈದು ಕಿಲೋ ಟೊಮೆಟೊ ಬಾಕ್ಸಿನಲ್ಲಿ ಹದಿನಾಲ್ಕು ಕಿಲೋ ನೀರೇ ಇರುತ್ತದೆ. ನದಿಯಿಲ್ಲದ ಜಿಲ್ಲೆ ಲಾರಿಗಟ್ಟಲೆ ನೀರನ್ನು ರಫ್ತು ಮಾಡುತ್ತಿದೆ ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕಿದ್ದರು.

ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ, ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ 70ರವರೆಗೆ ಬಳಸುವ ತಾಲ್ಲೂಕು ಸುರಕ್ಷಿತ, ಶೇ 100 ಮೀರಿದ್ದು ಅತಿಬಳಕೆಯ ತಾಲ್ಲೂಕು. ಕೋಲಾರ ಜಿಲ್ಲೆ ವರ್ಷಗಳಿಂದ ಆ ಕೊನೆಯ ಸಾಲಿನಲ್ಲಿದೆ. ಜಮೆಗಿಂತ ಖರ್ಚು ಹೆಚ್ಚೆಂದರೆ ಅಸಲಿಗೆ ಕೈ ಹಾಕಿದ್ದೇವೆಂದು ಅರ್ಥ.

ನಮ್ಮ ಹಿರಿಯರಿಗೆ ಈ ಜಮಾಖರ್ಚು ಗೊತ್ತಿತ್ತು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುವು. ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವಂತೆ ಸರಪಳಿಯಾಗಿ ಕಟ್ಟಿದ್ದ ಕೆರೆಗಳು ಅವು. ಮಳೆಗಾಲ ಮುಗಿದ ಮೇಲೆ ಊರವರು ಏರಿಯ ಮೇಲೆ ಸೇರಿ, ತೂಬಿನ ಕಲ್ಲಿನಲ್ಲಿ ನೀರು ಎಲ್ಲಿಯವರೆಗೆ ನಿಂತಿದೆಯೆಂದು ನೋಡಿ, ಈ ಸಲ ಅಚ್ಚುಕಟ್ಟಿನಲ್ಲಿ ಎಷ್ಟು ಭತ್ತ, ಎಷ್ಟು ರಾಗಿ ಎಂದು ತೀರ್ಮಾನಿಸುತ್ತಿದ್ದರು. ನೀರು ಕಡಿಮೆಯಿದ್ದ ವರ್ಷ ದೊಡ್ಡ ಹಿಡುವಳಿದಾರನೂ ಒಂದು ಪಾಲು ಗದ್ದೆಯನ್ನು ಬೀಳು ಬಿಡಬೇಕಾಗುತ್ತಿತ್ತು. ತೂಬು ಎತ್ತುವ ಅಧಿಕಾರ ನೀರಗಂಟಿಗೆ ಮಾತ್ರ. ಅವನು ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಬಿಟ್ಟನೆಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ದರ್ಪವೂ ಇತ್ತು, ಕೊನೆಯ ಗದ್ದೆಯ ಬಡವನಿಗೆ ಅನ್ಯಾಯವೂ ಆಗುತ್ತಿತ್ತು. ಅದನ್ನು ಸತ್ಯಯುಗವೆಂದು ನಾನು ಹೊಗಳಲಾರೆ. ಆದರೆ ನೀರು ಎಲ್ಲರ ಕಣ್ಣೆದುರಿಗಿತ್ತು, ಆದ್ದರಿಂದ ಅದರ ಬಗ್ಗೆ ಜಗಳವಾಡಲಾದರೂ ಸಾಧ್ಯವಿತ್ತು. ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ಬುಕ್ಕರಾಯನ ಮಗ ಭಾಸ್ಕರನ ಕಾಲದ, 1369ರ ಕೆರೆಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ನೀರು ಸ್ವಲ್ಪವಿದ್ದು ಅಚ್ಚುಕಟ್ಟು ವಿಶಾಲವಾಗಿರುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು. ಗಡಿ ದಾಟುವ ನದಿಗಳ ನೀರಿನ ಬಗೆಗಿನ 1892ರ ಮೈಸೂರು–ಮದ್ರಾಸು ಒಪ್ಪಂದವನ್ನು ಓದಿದವರಿಗೆ, ಪಾಲಾರ್ ಮತ್ತು ಪಿನಾಕಿನಿ ಹುಟ್ಟುವ ಅವಿಭಜಿತ ಕೋಲಾರ ಸೀಮೆಯಿಂದ ನೋಡುವವರಿಗೆ, ಆ ಎರಡನೆಯ ಮಾತು ಇಂದಿಗೂ ಹಳತಾಗಿಲ್ಲ.

ಬೋರ್‌ವೆಲ್ ಬಂದ ಮೇಲೆ ನೀರು ಕಣ್ಣಿಗೆ ಮರೆಯಾಯಿತು, ಜೊತೆಗೆ ಊರಿನ ಮಾತಿಗೂ ಸಿಗದಾಯಿತು. ಜಮೀನಿನ ಮಾಲೀಕನಿಗೆ ತನ್ನ ನೆಲದಡಿಯ ನೀರನ್ನು ಬಳಸುವ ಹಕ್ಕಿದೆ ಎಂಬ ಕಲ್ಪನೆ 1882ರ ಈಸ್‌ಮೆಂಟ್ ಕಾಯ್ದೆಯಿಂದ ಬಂದದ್ದು. ಅದು ಕಪಿಲೆಯ ಕಾಲದ ಕಾಯ್ದೆ. ಬಂಡೆಯ ಬಿರುಕು ಸರ್ವೆ ನಂಬರ್ ನೋಡಿಕೊಂಡು ಹಾದುಹೋಗಿರುವುದಿಲ್ಲ. ನಾನು ಸಾವಿರ ಅಡಿಯಲ್ಲಿ ಎತ್ತಿದ ನೀರು ಪಕ್ಕದವರ ಆರುನೂರು ಅಡಿಯ ಬೋರಿಗೆ ಬರಬೇಕಾದದ್ದಾಗಿರಬಹುದು. ನಮ್ಮ ರಾಜ್ಯ ಅಂತರ್ಜಲ ನಿಯಂತ್ರಣಕ್ಕೆಂದು 2011ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು, ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವ ಮುನ್ನ ಅನುಮತಿ ಬೇಕೆಂದಿತು. ರಾತ್ರಿ ಹತ್ತರ ಮೇಲೆ ಊರಿನ ಹೊರಗೆ ಲಾರಿಯ ಸದ್ದು ಕೇಳಿದವರಿಗೆ ಆ ಅನುಮತಿಯ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಕಥೆ ಬೇರೆಯೆಂದು ಅಲ್ಲಿನ ಓದುಗರು ತಿಳಿಯಬಾರದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಅಡ್ಡಗಟ್ಟಿ ನಗರಕ್ಕೆ ನೀರು ತಂದರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಮೇಲಿನ ಹಳ್ಳಿಗಳಲ್ಲಿ ಅಂತರ್ಜಲ ಕುಸಿದು, ಹಳ್ಳಗಳ ದಾರಿ ಮುಚ್ಚಿ, ನೀಲಗಿರಿ ತೋಪುಗಳೆದ್ದ ಮೇಲೆ ಹೆಸರಘಟ್ಟ ನಗರಕ್ಕೆ ನೀರು ಕೊಡುವುದು ನಿಂತಿತು. ಮಳೆ ಬೀಳುತ್ತಿದ್ದರೂ ನದಿ ಹರಿಯುವುದನ್ನು ಬಿಟ್ಟಿತು. ನೆಲದೊಳಗಿನ ನೀರೂ ನೆಲದ ಮೇಲಿನ ನೀರೂ ಒಂದೇ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿಯದು. 1974ರಿಂದ ನಗರಕ್ಕೆ ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರಲಾಗುತ್ತಿದೆ. ಅಷ್ಟಾದರೂ 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವೆಂದು ಸರ್ಕಾರವೇ ಹೇಳಿತು. ಬೆಂಗಳೂರಿನ 1,200 ಚದರಡಿಯ ಒಂದು ತಾರಸಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಮಳೆ ಬೀಳುತ್ತದೆ ಎಂಬುದನ್ನು ಟ್ಯಾಂಕರಿಗೆ ಹಣ ಎಣಿಸುವಾಗ ಯಾರಾದರೂ ನೆನೆಸಿಕೊಂಡರೆ ಒಳ್ಳೆಯದು.

ಆ ಕಾವೇರಿ ನೀರೇ ಈಗ ನಮ್ಮ ಜಿಲ್ಲೆಗೆ ಬರುತ್ತಿದೆ, ಆದರೆ ಬಚ್ಚಲ ದಾರಿಯಾಗಿ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಜನ ಕೆ.ಸಿ. ವ್ಯಾಲಿ ಎನ್ನುವುದು, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಹರಿಸಿತು. ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವುದು ಅದರ ಗುರಿ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಜಲಚಕ್ರ ಇದು. ಕಾವೇರಿಯಿಂದ ಬೆಂಗಳೂರಿನ ನಲ್ಲಿಗೆ, ಅಲ್ಲಿಂದ ಮೋರಿಗೆ, ಸಂಸ್ಕರಣಾ ಘಟಕಕ್ಕೆ, ಕೋಲಾರದ ಕೆರೆಗೆ, ಕೆರೆಯಿಂದ ಇಂಗಿ ಬೋರ್‌ವೆಲ್‌ಗೆ, ಬೋರ್‌ವೆಲ್‌ನಿಂದ ಟೊಮೆಟೊಗೆ, ಟೊಮೆಟೊ ಮತ್ತೆ ಬೆಂಗಳೂರಿನ ಅಡುಗೆಮನೆಗೆ. ಇಡೀ ಚಕ್ರ ತಿರುಗುವುದು ಬಿಸಿಲಿನಿಂದಲ್ಲ, ಕರೆಂಟಿನಿಂದ. ಕೆರೆ ತುಂಬಿದ ಊರುಗಳಲ್ಲಿ ಬತ್ತಿದ್ದ ಬಾವಿಗಳಿಗೆ ನೀರು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಅಲ್ಲಗಳೆಯುವವರು ಆ ಊರಿನ ಹೆಂಗಸರನ್ನು ಹೋಗಿ ಕೇಳಲಿ. ನನ್ನ ತಕರಾರು ಎರಡು. ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾಗಿ ಬರುತ್ತಿದೆ, ಅದೇ ನೀರು ಇಂಗಿ ನಮ್ಮ ಕುಡಿಯುವ ನೀರಿಗೆ ಸೇರುವುದರಿಂದ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಜನ ಮೊದಲಿನಿಂದ ಕೇಳುತ್ತಿದ್ದಾರೆ. ಇದರ ಬಗ್ಗೆ ಬಹಳ ಬರೆದಾಗಿದೆ. ಎರಡನೆಯದನ್ನು ಯಾರೂ ಅಷ್ಟಾಗಿ ಆಡುತ್ತಿಲ್ಲ. ಕೆರೆ ಬೇಸಿಗೆಯಲ್ಲಿ ಒಣಗುವುದು ಅದರ ಸೋಲಲ್ಲ, ಅದು ಕೆರೆಯ ಕೆಲಸದ ಒಂದು ಭಾಗ. ಒಣಗಿದಾಗ ರೈತರು ಹೂಳು ಹೊಡೆದುಕೊಂಡು ಹೊಲಕ್ಕೆ ಹಾಕುತ್ತಿದ್ದರು, ಮುಂದಿನ ಮಳೆಗೆ ಜಾಗವಾಗುತ್ತಿತ್ತು. ವರ್ಷವಿಡೀ ಪೈಪಿನ ನೀರಿನಿಂದ ತುಂಬಿರುವ ಕೆರೆಯಲ್ಲಿ ಹಿಂಗಾರಿನ ನೀರು ನಿಲ್ಲಲು ಎಡೆಯೆಲ್ಲಿದೆ? 2021ರ ನವೆಂಬರ್‌ನಲ್ಲಿ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದಾಗ ನಾವೆಲ್ಲ ಬಾಗಿನ ಬಿಟ್ಟು ಸಂಭ್ರಮಿಸಿದೆವು, ನಾನೂ ಹೋಗಿದ್ದೆ. ಹರಿದುಹೋದದ್ದು ಮಾತ್ರ ನಮ್ಮದೇ ಮಳೆಯ ಚೊಕ್ಕ ನೀರು.

ಎತ್ತಿನಹೊಳೆಯ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಸಕಲೇಶಪುರದ ಕಡೆಯ ಹೊಳೆಗಳಿಂದ 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರನ್ನು ಏಳು ಜಿಲ್ಲೆಗಳಿಗೆ ತರುವ ಯೋಜನೆಯ ಅಂದಾಜು 8,323 ಕೋಟಿ ರೂಪಾಯಿಯಿಂದ 23,251 ಕೋಟಿಗೆ ಏರಿದೆ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿದೆ. ಒಂದು ಗುಣಾಕಾರವನ್ನು ಮಾತ್ರ ಓದುಗರ ಮುಂದಿಡುತ್ತೇನೆ. ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು ನಾಲ್ಕು ಸಾವಿರ ಚದರ ಕಿಲೋಮೀಟರ್. ಅದರ ಮೇಲೆ 750 ಮಿಲಿಮೀಟರ್ ಮಳೆಯೆಂದರೆ ನೂರು ಟಿಎಂಸಿಗೂ ಹೆಚ್ಚು. ಅದರ ಹೆಚ್ಚಿನ ಪಾಲು ಬಿಸಿಲಿಗೆ ಹೋಗುವುದು ಪ್ರಕೃತಿಯ ನಿಯಮ. ಒಟ್ಟು ಮಳೆಯ ಹತ್ತನೇ ಒಂದು ಪಾಲನ್ನು ಹಿಡಿದಿಟ್ಟರೂ ಹತ್ತು ಟಿಎಂಸಿಯಾಗುತ್ತದೆ. ಕೆ.ಸಿ. ವ್ಯಾಲಿಯ ಇಡೀ ವರ್ಷದ ನೀರು ಆರು ಟಿಎಂಸಿಯನ್ನೂ ಮುಟ್ಟುವುದಿಲ್ಲ. ಹೀಗಿರುವಾಗ ಕೆರೆ ಹೂಳೆತ್ತುವ ಕಾಮಗಾರಿಗಳು ಜೆಸಿಬಿಯಿಂದ ಕೆರೆಯಂಗಳದಲ್ಲಿ ಗುಂಡಿ ತೋಡುವುದರಲ್ಲಿ ಮುಗಿಯುತ್ತವೆ. ಕೆರೆಗೆ ನೀರು ತರಬೇಕಾದ ರಾಜಕಾಲುವೆ ಮೇಲುಗಡೆ ಯಾರದೋ ಬಡಾವಣೆಯ ರಸ್ತೆಯಾಗಿದ್ದರೂ ಬಿಲ್ಲು ಪಾಸಾಗುತ್ತದೆ. ನೀಲಗಿರಿಯನ್ನು ಹೊಸದಾಗಿ ಬೆಳೆಸಬಾರದೆಂದು 2017ರಲ್ಲಿ ಆದೇಶವಾದದ್ದು ಸರಿಯಾದ ಹೆಜ್ಜೆ. ಕಾಲುವೆಗಳ ವಿಷಯದಲ್ಲಿ ಅಂಥ ಬಿಗಿ ಕಾಣುತ್ತಿಲ್ಲ.

ಇಷ್ಟೆಲ್ಲ ಬರೆದದ್ದು ಹೊಸ ಯೋಜನೆಯೊಂದನ್ನು ಕೇಳಲಿಕ್ಕಲ್ಲ. ನನ್ನ ಬೇಡಿಕೆಗೆ ಖರ್ಚು ಬಹಳ ಕಡಿಮೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಮಾಹಿತಿ ಕಳಿಸುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗಾಗಲೇ ಇರಿಸಿದೆ. ಅಂತರ್ಜಲ ನಿರ್ದೇಶನಾಲಯದವರು ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯುತ್ತಾರೆ. ಎಂದರೆ ನಮ್ಮೂರಿನಲ್ಲಿ ಎಷ್ಟು ಮಳೆಯಾಯಿತು, ನೆಲದೊಳಗೆ ನೀರು ಎಷ್ಟು ಅಡಿಯಲ್ಲಿದೆ ಎಂಬ ಅಂಕಿಗಳು ಬೆಂಗಳೂರಿನ ಕಂಪ್ಯೂಟರುಗಳಲ್ಲಿವೆ. ನಮ್ಮೂರಿನಲ್ಲಿ ಮಾತ್ರ ಇಲ್ಲ. ಅವನ್ನು ಪ್ರತಿ ತಿಂಗಳೂ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಲಿ, ಮಳೆಗಾಲ ಮುಗಿದ ಮೇಲಿನ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಯಾವ ಬೆಳೆ ಹಾಕಬೇಕೆಂದು ರೈತರಿಗೆ ಯಾರೂ ಅಪ್ಪಣೆ ಕೊಡಬೇಕಾಗಿಲ್ಲ. ಏರಿಯ ಮೇಲೆ ನಿಂತು ತೂಬಿನ ಕಲ್ಲು ನೋಡಿ ತೀರ್ಮಾನಿಸಿದ ಜನರ ಮೊಮ್ಮಕ್ಕಳು ಅವರು, ಅಂಕಿ ಕಣ್ಣಿಗೆ ಬಿದ್ದರೆ ಲೆಕ್ಕ ಹಾಕಿಯೇ ಹಾಕುತ್ತಾರೆ. ಮೂರು ಬೋರು ಫೇಲಾಗುವ ಮೊದಲು ಒಂದು ಸಲವಾದರೂ ಯೋಚಿಸಲು ಅದು ದಾರಿಯಾದೀತು.

ಪಠ್ಯಪುಸ್ತಕ ಸಿದ್ಧಪಡಿಸುವವರಲ್ಲಿಯೂ ಒಂದು ವಿನಂತಿಯಿದೆ. ಸಮುದ್ರ, ಬೆಟ್ಟ, ನದಿಯ ಚಿತ್ರ ಇರಲಿ. ಅದರ ಪಕ್ಕದ ಪುಟದಲ್ಲಿ ಬಯಲುಸೀಮೆಯ ಜಲಚಕ್ರವನ್ನೂ ಬರೆಸಲಿ. ಗುಡ್ಡ, ಕಾಲುವೆ, ಕೆರೆ, ತೂಬು, ಕೋಡಿ, ಗರಸಿನ ಪದರ, ಅದರಡಿಯ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲೆಳೆಯಂಥ ಬಿರುಕು, ಬಿರುಕಿಗೆ ತಾಗಿದ ಒಂದು ಬೋರು, ತಾಗದ ಎರಡು. ನೀಲಿ ಸೀಮೆಸುಣ್ಣ ಅಷ್ಟೇನೂ ಖರ್ಚಾಗದು.

ಕೊನೆಯದಾಗಿ ತಮ್ಮಲ್ಲಿ. ಜಲಾಶಯಗಳ ಪಟ್ಟಿಯ ಕೆಳಗೆ, ತಿಂಗಳಿಗೆ ಒಂದು ದಿನ, ಆಯಾ ಜಿಲ್ಲೆಯ ಆವೃತ್ತಿಯಲ್ಲಿ ತಾಲ್ಲೂಕುವಾರು ಅಂತರ್ಜಲ ಮಟ್ಟವನ್ನು ಪ್ರಕಟಿಸಲು ಸಾಧ್ಯವೇ? ಹೋದ ವರ್ಷದ ಇದೇ ತಿಂಗಳಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎಂಬ ಎರಡು ಅಂಕಣ ಸಾಕು. ನಮ್ಮ ಜಿಲ್ಲೆಗಾದರೆ ಆರು ಸಾಲು: ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್. ಮೊದಲ ಪಟ್ಟಿ ಅಚ್ಚಾದ ದಿನ ಅದನ್ನು ಕತ್ತರಿಸಿ ನಾನು ಪಾಠ ಮಾಡಿದ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿ ಬರುವ ಕೆಲಸ ನನ್ನದು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಕೋಲಾರ ತಾಲ್ಲೂಕು